ಸೈಡ್ ಕೊಡದ ರೇಸು

ಕ್ರಿಕೆಟ್ ಬಗ್ಗೆ ಹರಟಲು ಚಾಮರಾಜನಗರದಲ್ಲಿ ಜನಕ್ಕೇನು ಬರವೇ? ಬಸ್ ಸ್ಟ್ಯಾಂಡಿನಲ್ಲಿ ನಿಂತು ‘ಆರ್‌ಸಿಬಿ’ ಅಂದರೆ ಸಾಕು, ಟೀ ಅಂಗಡಿಯವನು ಗ್ಲಾಸು ತೊಳೆಯುವುದನ್ನು ಬಿಟ್ಟು ಬಂದು ನಿಲ್ಲುತ್ತಾನೆ. ಕಾರ್ ರೇಸಿನ ಮಾತಿಗೆ ಮಾತ್ರ ನನಗಿರುವುದು ಒಂದೇ ಜಾಗ, ನಮ್ಮ ಹಿತ್ತಿಲಿಗೂ ಪಕ್ಕದ ಹಿತ್ತಿಲಿಗೂ ನಡುವಿನ ದಾಸವಾಳದ ಬೇಲಿ.

ಬೇಲಿಯಾಚೆ ಇರುವವರು ಡ್ರೈವರಣ್ಣ. ಕೆಎಸ್‌ಆರ್‌ಟಿಸಿ ಬಸ್ಸು ಓಡಿಸಿ ನಿವೃತ್ತರಾದವರು. ಸರ್ವಿಸಿನ ಬಹುಪಾಲು ಅವರಿಗೆ ಬಿದ್ದದ್ದು ಕೊಯಮತ್ತೂರು ರೂಟು. ಪುಣಜನೂರು ಚೆಕ್‌ಪೋಸ್ಟ್ ದಾಟಿ, ಹಾಸನೂರಿನ ಕಾಡು ಹಾಯ್ದು, ದಿಂಬಂ ಘಾಟಿಯ ಇಪ್ಪತ್ತೇಳು ಹೇರ್‌ಪಿನ್ ಇಳಿದು, ಬಣ್ಣಾರಿ ಅಮ್ಮನಿಗೆ ಕೂತಲ್ಲಿಂದಲೇ ಕೈ ಮುಗಿದು ಸತ್ಯಮಂಗಲ ಸೇರುವ ದಾರಿ ಅದು. ಅವರ ಮೊಮ್ಮಗ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಾನೆ, ಫಾರ್ಮುಲಾ ಒನ್ ಡ್ರೈವರ್ ಮ್ಯಾಕ್ಸ್ ವೆರ್‌ಸ್ಟಾಪನ್ ಅಂದರೆ ಪ್ರಾಣ. ಗುಂಡ್ಲುಪೇಟೆಯಿಂದ ಆಗಾಗ ಬಂದು ಹೋಗುವ ನನ್ನ ಷಡ್ಡಕರದು ಲೂಯಿಸ್ ಹ್ಯಾಮಿಲ್ಟನ್ ಪಕ್ಷ. ಹ್ಯಾಮಿಲ್ಟನ್ ಮರ್ಸಿಡಿಸ್ ಬಿಟ್ಟು ಫೆರಾರಿಗೆ ಹೋದಾಗ ಇವರೂ ಗಂಟುಮೂಟೆ ಕಟ್ಟಿಕೊಂಡು ಹಿಂದೆಯೇ ಹೋದರು. ನಾನು ಯಾರ ಕಡೆಯವನೂ ಅಲ್ಲ. ನನಗೆ ರೇಸು ಬೇಗ ಬೇಜಾರು ಬರುವುದಕ್ಕೆ ಅದೇ ಕಾರಣ ಅನ್ನುವುದು ಮೂವರ ಒಮ್ಮತದ ತೀರ್ಪು.

ಬೇಜಾರು ಅಂದರೆ ಎಂಥ ಬೇಜಾರು? 2024ರ ಮೇ 26ರ ಭಾನುವಾರದಂಥದ್ದು. ಅವತ್ತು ಸಂಜೆ ಆರೂವರೆಗೆ ಮೊನಾಕೋ ರೇಸು, ಏಳೂವರೆಗೆ ಚೆನ್ನೈಯಲ್ಲಿ ಐಪಿಎಲ್ ಫೈನಲ್. ಆರ್‌ಸಿಬಿ ನಾಲ್ಕು ದಿನ ಮೊದಲೇ ಎಲಿಮಿನೇಟರಿನಲ್ಲಿ ರಾಜಸ್ಥಾನಕ್ಕೆ ಸೋತು ಮನೆ ಸೇರಿತ್ತಾದ್ದರಿಂದ ಟಿವಿ ಯಾರಿಗೆ ಅನ್ನುವ ಜಗಳವೇ ಇರಲಿಲ್ಲ. ಡ್ರೈವರಣ್ಣನ ಜಗುಲಿಯಲ್ಲಿ ಕೂತೆವು. ಒಳಗೆ ಟಿವಿಯಲ್ಲಿ ಫೈನಲ್, ಹೊರಗೆ ಹುಡುಗನ ಫೋನಿನಲ್ಲಿ ಮೊನಾಕೋ. ಒಳಗೆ ಹೈದರಾಬಾದಿನವರು 113ಕ್ಕೆ ಉದುರಿದರು, ಕೋಲ್ಕತ್ತದವರು ಹತ್ತೂವರೆ ಓವರಿನಲ್ಲಿ ಹೊಡೆದು ಕೈ ತೊಳೆದುಕೊಂಡರು. ಹೊರಗೆ ಮೊದಲ ಸುತ್ತಿನಲ್ಲೇ ಪೆರೆಜ್, ಮ್ಯಾಗ್ನುಸೆನ್, ಹುಲ್ಕೆನ್‌ಬರ್ಗ್ ಮೂವರ ಕಾರೂ ನಜ್ಜುಗುಜ್ಜಾಗಿ ಕೆಂಪು ಬಾವುಟ ಬಿತ್ತು. ಆ ರೇಸಿನಲ್ಲಿ ನಡೆದದ್ದು ಅಷ್ಟೇ. ಮಿಕ್ಕದ್ದು ಬರೀ ಸುತ್ತಿದ್ದು.

ಆದದ್ದೇನೆಂದರೆ, ಒಂದು ರೇಸಿನಲ್ಲಿ ಎರಡು ಬಗೆಯ ಟೈರು ಹಾಕಲೇಬೇಕು, ಅದಕ್ಕಾಗಿ ಒಮ್ಮೆಯಾದರೂ ಪಿಟ್ಟಿಗೆ ಬರಬೇಕು ಅನ್ನುವುದು ನಿಯಮ. ಕೆಂಪು ಬಾವುಟ ಬಿದ್ದಾಗ ನಿಂತ ಜಾಗದಲ್ಲೇ ಟೈರು ಬದಲಿಸಿಕೊಳ್ಳಬಹುದು. ಎಲ್ಲರೂ ಬದಲಿಸಿಕೊಂಡರು. ಇನ್ನು ಪಿಟ್ಟಿನ ಗೊಡವೆಯಿಲ್ಲ, ಹಾಕಿದ ಟೈರು ಕೊನೆಯವರೆಗೆ ಬಾಳಿದರೆ ಸಾಕು. ಮೊನಾಕೋ ಸುತ್ತು 3.337 ಕಿಲೋಮೀಟರ್, ಅಂಥವು ಎಪ್ಪತ್ತೆಂಟು. ಮುಂದಿದ್ದವನು ಟೈರು ಉಳಿಸಲು ನಿಧಾನಕ್ಕೆ ಹೋದ, ಹಿಂದಿದ್ದವರು ಅವನ ಹಿಂದೆ ಹೋದರು. ಮೊದಲ ಹತ್ತು ಜನ ಯಾವ ಸಾಲಿನಲ್ಲಿ ಹೊರಟಿದ್ದರೋ ಅದೇ ಸಾಲಿನಲ್ಲಿ ಬಂದು ಮುಟ್ಟಿದರು. ಫಾರ್ಮುಲಾ ಒನ್ ಇತಿಹಾಸದಲ್ಲಿ ಹಾಗಾದದ್ದು ಅದೇ ಮೊದಲು.

“ಅಲ್ಲಾ ಮೇಷ್ಟ್ರೇ,” ಅಂದರು ಡ್ರೈವರಣ್ಣ, “ಎಪ್ಪತ್ತೆಂಟು ಸುತ್ತು ಸುತ್ತುದ್ರೂ ಮುಂದ್ಲ ಹತ್ತು ಜನದಲ್ಲಿ ಒಬ್ಬನ್ನೊಬ್ಬ ಸೈಡ್ ಹೊಡಿನಿಲ್ಲ ಅಂದ್ರ ಅದ್ನ ರೇಸು ಅಂದರಾ? ನಾವು ಡಿಪೋಯಿಂದ ಸಾಲಾಗಿ ಗಾಡಿ ತಗುದ್ರೂ ಸಂತೇಮರಹಳ್ಳಿ ಮುಟ್ಟದ್ರೊಳ್ಗ ಹಿಂದ್ಲದು ಮುಂದ್ಕ ಬಂದಿರದು.”

“ತಾತ, ಟೈರು ಉಳಿಸ್ಕೋಬೇಕಲ್ಲ, ಅದಕ್ಕೆ ನಿಧಾನಕ್ಕೆ ಓಡಿಸಿದ್ರು,” ಎಂದ ಹುಡುಗ.

“ನಿಧಾನಕ ಓಡ್ಸಕ ಅವ್ರಿಗ ಕೋಟಿ ಕೋಟಿ ಸಂಬಳವಾ? ನಂಗ ಹೇಳಿದ್ರ ನಾನೇ ಓಡುಸ್ತಿದ್ನಲ್ಲ!”

ಹುಡುಗನ ಮುಖ ಸಪ್ಪಗಾಗಿತ್ತು. ಅವನ ಮ್ಯಾಕ್ಸ್ ಆರನೆಯವನಾಗಿ ಹೊರಟು ಆರನೆಯವನಾಗಿಯೇ ಮುಗಿಸಿದ್ದ. ನಡುವೆ ರೇಡಿಯೋದಲ್ಲಿ, ತೀರಾ ಬೇಜಾರು, ಒಂದು ದಿಂಬು ತರಬೇಕಿತ್ತು ಎಂದು ಗೊಣಗಿಕೊಂಡಿದ್ದ. ನೋಡುವವರಿಗೆ ತೂಕಡಿಕೆ ಬಂದರೆ ಸರಿ, ಓಡಿಸುವವನಿಗೇ ದಿಂಬು ಬೇಕು ಅನ್ನಿಸಿದರೆ? ಡ್ರೈವರಣ್ಣನಿಗೆ ಅದನ್ನು ಹೇಳಿದಾಗ ಗಾಬರಿಯಾದರು. ದಿಂಬಿನ ಮಾತನ್ನು ಸ್ಟೇರಿಂಗ್ ಮೇಲೆ ಕೈಯಿಟ್ಟವನು ಆಡಬಾರದು ಅನ್ನುವುದು ಅವರ ನಂಬಿಕೆ.

ಆದರೂ ಡ್ರೈವರುಗಳ ಮೇಲೆ ಗೂಬೆ ಕೂರಿಸಲು ಅವರು ಬಿಡುವುದಿಲ್ಲ. ಇದು ಜಾತಿಯ ಅಭಿಮಾನ, ಡ್ರೈವರ್ ಜಾತಿಯದು. ಷಡ್ಡಕರು ವೆರ್‌ಸ್ಟಾಪನ್ನನ್ನು ರೌಡಿ ಎಂದರೆ, ಹುಡುಗ ಹ್ಯಾಮಿಲ್ಟನ್‌ಗೆ ವಯಸ್ಸಾಯಿತು ಎಂದರೆ, ಡ್ರೈವರಣ್ಣ ಇಬ್ಬರನ್ನೂ ಗದರುತ್ತಾರೆ: “ಗಾಡಿ ಸರಿ ಇಲ್ದಿದ್ರ ಅಂವ ಏನ್ ಮಾಡನು? ರೋಡು ಸರಿ ಇಲ್ದಿದ್ರ ಅಂವ ಏನ್ ಮಾಡನು?”

ಗಾಡಿ, ರೋಡು ಎರಡೂ ಸರಿಯಿಲ್ಲ ಅನ್ನುವುದು ನಿಜವೇ. ಮೊನಾಕೋದಲ್ಲಿ 1929ರಿಂದ ರೇಸು ನಡೆಯುತ್ತಿದೆ. ಊರಿನ ಬೀದಿಗಳು ಅವೇ, ಕಾರು ಮಾತ್ರ ಉಬ್ಬುತ್ತಾ ಬಂತು. 2025ರವರೆಗಿನ ಕಾರು ಎರಡು ಮೀಟರ್ ಅಗಲ, ಐದೂವರೆ ಮೀಟರಿನಾಚೆ ಉದ್ದ. ನಮ್ಮ ಪೇಟೆ ಬೀದಿಗೆ ಟ್ರ್ಯಾಕ್ಟರ್ ನುಗ್ಗಿಸಿ ‘ಈಗ ಸೈಡ್ ಹೊಡಿ’ ಅಂದ ಹಾಗಾಯಿತು. ಅದರ ಮೇಲೆ ಗಾಳಿಯ ತಕರಾರು. ಈ ಕಾರುಗಳ ರೆಕ್ಕೆ ವಿಮಾನದ ರೆಕ್ಕೆಗೆ ತದ್ವಿರುದ್ಧ, ಗಾಳಿ ಅದನ್ನು ನೆಲಕ್ಕೆ ಒತ್ತುತ್ತದೆ. ತಿರುವಿನಲ್ಲಿ ಜಾರದೆ ಹಿಡಿದು ನಿಲ್ಲುವುದು ಆ ಒತ್ತಡದಿಂದ. ಮುಂದೆ ಇನ್ನೊಂದು ಕಾರಿದ್ದರೆ ಅದು ಗಾಳಿಯನ್ನು ಕಲಕಿ ಹಾಕುತ್ತದೆ. ಹಿಂದಿನವನಿಗೆ ಒಡೆದ ಗಾಳಿ ಸಿಗುತ್ತದೆ, ಹಿಡಿತ ತಪ್ಪುತ್ತದೆ, ಟೈರು ಉಜ್ಜಿ ಕಾಯುತ್ತದೆ. ಹತ್ತಿರ ಹೋದಷ್ಟೂ ಕಷ್ಟ. ಡ್ರೈವರಣ್ಣನಿಗೆ ಇದರ ಅರ್ಧ ಗೊತ್ತಿತ್ತು: ನೇರ ರಸ್ತೆಯಲ್ಲಿ ಕಂಟೇನರ್ ಲಾರಿಯ ಬೆನ್ನು ಹಿಡಿದರೆ ಬಸ್ಸು ಹಗುರಾಗಿ ಎಳೆದುಕೊಂಡು ಹೋಗುತ್ತದಂತೆ. ತಿರುವಿನಲ್ಲಿ ಅದೇ ಗಾಳಿ ಕೈಕೊಡುತ್ತದೆ ಅನ್ನುವುದು ಅವರಿಗೆ ಹೊಸದು. “ಅಂಗಾದ್ರ ಹಿಂದ್ಲೋನು ಎಂಗ ಬಂದನು ಬುಡಿ,” ಎಂದು ಒಪ್ಪಿಕೊಂಡರು.

ದಿಂಬಂ ವಿಷಯ ಬಂದದ್ದು ಇಲ್ಲಿಗೆ. ಮೊನಾಕೋದ ಹೇರ್‌ಪಿನ್ ಇಡೀ ಫಾರ್ಮುಲಾ ಒನ್‌ನಲ್ಲೇ ಅತಿ ನಿಧಾನದ ತಿರುವು, ಐವತ್ತು ಕಿಲೋಮೀಟರಿನ ಆಸುಪಾಸಿಗೆ ಇಳಿಯುತ್ತಾರೆ ಎಂದು ಹುಡುಗ ಹೆಮ್ಮೆಯಿಂದ ಹೇಳಿದ. “ಐವತ್ತಾ?” ಎಂದು ಅಜ್ಜ ನಕ್ಕರು. ದಿಂಬಂ ತಿರುವಿನಲ್ಲಿ ಐವತ್ತರಲ್ಲಿ ಹೋದರೆ ಸೀದಾ ಬಣ್ಣಾರಿ ಗುಡಿಯ ಮುಂದೆ ಇಳಿಯಬಹುದು, ರಸ್ತೆಯ ಹಂಗಿಲ್ಲದೆ.

ಅವರು ವಿವರಿಸುವುದನ್ನು ಕೇಳಬೇಕು. ಇವರದು ಇಳಿಯುವ ಬಸ್ಸು, ಎದುರಿಗೆ ಕಬ್ಬು ಹೇರಿಕೊಂಡು ಹತ್ತುವ ಲಾರಿ. ಘಾಟಿಯ ಕಟ್ಟಳೆ, ಹತ್ತುವ ಗಾಡಿಗೆ ಮೊದಲು ದಾರಿ. ಅದರ ಎಂಜಿನ್ ಕೆಳಗಿನ ತಿರುವಿನಲ್ಲಿ ನರಳುವುದನ್ನು ಕೇಳಿಯೇ ಇವರು ಮೇಲೆ ನಿಂತುಬಿಡಬೇಕು. ಲಾರಿಯ ಮೂತಿ ತಿರುವಿನಲ್ಲಿ ಕಾಣುತ್ತದೆ, ಹೊರಗಿನ ಅಂಚಿಗೆ ಬರುತ್ತದೆ, ಕಬ್ಬಿನ ತುದಿ ಬಸ್ಸಿನ ಕಿಟಕಿ ಕಂಬಿಗೆ ಸವರುತ್ತದೆ, ಒಳಗೆ ಕೂತ ಹೆಂಗಸರು ಕೈ ಒಳಗೆಳೆದುಕೊಳ್ಳುತ್ತಾರೆ. ಅದರ ಹಿಂದಿನ ಗಾಲಿ ಒಳಗಿನ ಕಲ್ಲಿಗೆ ತಾಗಿತೋ ಇಲ್ಲವೋ ಎಂದು ಇಣುಕಿ ನೋಡಿ, ಲಾರಿ ತನ್ನ ಬಾಲವನ್ನು ಪೂರ್ತಿ ಎಳೆದುಕೊಂಡ ಮೇಲೆ, ಇವರು ಕೆಳ ಗೇರಿನಲ್ಲೇ ಬಸ್ಸನ್ನು ಹೊರ ಅಂಚಿಗೆ ಒಯ್ದು ಸ್ಟೇರಿಂಗ್ ಸುತ್ತಬೇಕು. ಅದು ಮುಗಿಯುವಷ್ಟರಲ್ಲಿ ಕೆಳಗೆ ಇನ್ನೊಂದು ಲಾರಿ ನರಳುತ್ತಿರುತ್ತದೆ. ಎಲ್ಲಿಯಾದರೂ ಒಂದರ ಆಕ್ಸಲ್ ಮುರಿದು ತಿರುವಿಗೆ ಅಡ್ಡ ನಿಂತಿತೋ, ಗಂಟೆಗಟ್ಟಲೆ ಮೇಲೂ ಇಲ್ಲ ಕೆಳಗೂ ಇಲ್ಲ. ಘಾಟಿ ದಾಟಿದೆವು ಅನ್ನುವ ಹೊತ್ತಿಗೆ ಕಬ್ಬಿನ ವಾಸನೆ ಹಿಡಿದು ಆನೆ ರಸ್ತೆಗೆ ಬಂದಿರುತ್ತದೆ. 2022ರ ಫೆಬ್ರವರಿಯಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ. ಅದಕ್ಕೆ ಮೊದಲು ನೈಟ್ ಸರ್ವಿಸ್ ಮಾಡಿದವರು ಇವರು.

“ದಿಂಬಂನಲ್ಲೂ ಯಾರೂ ಸೈಡ್ ಹೊಡಿಯಕಿಲ್ಲ. ಆದ್ರ ಬೇಜಾರಾಯ್ತು ಅಂದೋನ್ನ ನಾನು ಕಾಣಿ.”

ಮಾತು ತಮಾಷೆಗೆ ಆಡಿದ್ದಾದರೂ ಎಳೆ ನನ್ನ ತಲೆಯಲ್ಲಿ ಉಳಿಯಿತು. ಸೈಡ್ ಹೊಡೆಯದ್ದರಿಂದ ರೇಸು ಸಪ್ಪೆಯಾಗುತ್ತದೆ ಅನ್ನುವುದು ಎಲ್ಲ ಅಭಿಮಾನಿಗಳ ವಾದ. ಅದನ್ನೇ ನಂಬಿ ಫಾರ್ಮುಲಾ ಒನ್‌ನವರು ಎಷ್ಟೋ ಟ್ರ್ಯಾಕು ಕಟ್ಟಿಸಿದರು. ಕಟ್ಟಿದವರು ಬಹಳ ಸಲ ಒಬ್ಬರೇ, ಜರ್ಮನಿಯ ಹರ್ಮನ್ ಟಿಲ್ಕೆ. ಮಲೇಷ್ಯಾದ ಸೆಪಾಂಗ್, ಬಹರೇನ್, ಶಾಂಘೈ, ಇಸ್ತಾಂಬುಲ್, ಅಬುಧಾಬಿ, ಕೊನೆಗೆ ನಮ್ಮ ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್ ಎಲ್ಲವೂ ಅವರ ಕೈಯವೇ. ಸೂತ್ರ ಹೆಚ್ಚೂಕಮ್ಮಿ ಒಂದೇ: ಉದ್ದನೆಯ ನೇರ ರಸ್ತೆ, ಅದರ ತುದಿಗೆ ಮೊಣಕೈ ಮಡಿಸಿದಂಥ ತಿರುವು, ಬ್ರೇಕ್ ಹೊಡೆಯುವ ಜಾಗದಲ್ಲಿ ಸೈಡ್ ಹೊಡೆಯಲಿ ಅನ್ನುವ ಲೆಕ್ಕ. ಬದಿಗೆ ಅಗಲವಾದ ಡಾಂಬರು, ತಪ್ಪಿದವನು ಸುತ್ತು ಹಾಕಿ ವಾಪಸ್ಸು ಬರಲಿ ಎಂದು. ತಪ್ಪಿದರೂ ಏನೂ ಆಗದ ಜಾಗದಲ್ಲಿ ತಪ್ಪುವುದನ್ನು ನೋಡಿ ನಾವೇನು ಮಾಡಬೇಕು? ಪ್ರಾಣಕ್ಕೆ ಕ್ಷೇಮ, ಸರಿ. ನಾನೇನು ಯಾರಾದರೂ ಸಾಯಲಿ ಅನ್ನುವ ಪೈಕಿಯಲ್ಲ.

ಅಬುಧಾಬಿಯದಂತೂ ಸೂತ್ರ ಕೈಕೊಟ್ಟ ಕಥೆ. 2010ರ ಕೊನೆಯ ರೇಸಿನಲ್ಲಿ ಫೆರಾರಿಯ ಫರ್ನಾಂಡೋ ಅಲಾನ್ಸೋ ಚಾಂಪಿಯನ್ ಆಗಬೇಕಿದ್ದವನು ವಿಟಾಲಿ ಪೆಟ್ರೋವ್ ಅನ್ನುವ ಹೊಸಬನ ಬೆನ್ನಿಗೆ ಅಂಟಿಕೊಂಡು, ಕೊನೆಯವರೆಗೂ ದಾಟಲಾಗದೆ ಪಟ್ಟ ಕಳೆದುಕೊಂಡ. ಪಟ್ಟ ಸೆಬಾಸ್ಟಿಯನ್ ವೆಟೆಲ್ ಪಾಲಾಯಿತು. ಷಡ್ಡಕರಿಗೆ ಆಗಿನ್ನೂ ಫೆರಾರಿ ಆಗುತ್ತಿರಲಿಲ್ಲ, ಹಾಗಾಗಿ ಅವರು ಅದನ್ನು ಮಹಾ ರೋಚಕ ರೇಸು ಅನ್ನುತ್ತಾರೆ. ಆ ಟ್ರ್ಯಾಕನ್ನು 2021ರಲ್ಲಿ ಒಡೆದು ತಿದ್ದಿದರು.

ನಮ್ಮ ನೋಯ್ಡಾ ಟ್ರ್ಯಾಕಿನ ಬಗ್ಗೆ ಡ್ರೈವರುಗಳೆಲ್ಲ ಮೆಚ್ಚಿ ಮಾತಾಡಿದ್ದರು. ಏರಿಳಿತವಿದೆ, ಹರಿವಿದೆ, 5.125 ಕಿಲೋಮೀಟರ್, ಒಂದು ಕಿಲೋಮೀಟರಿಗೂ ಉದ್ದದ ನೇರ ರಸ್ತೆಯಿದೆ. ಆದರೆ 2011ರಲ್ಲಿ ವೆಟೆಲ್ ಮೊದಲ ಸ್ಥಾನದಿಂದ ಹೊರಟು ಅರವತ್ತು ಸುತ್ತೂ ಮುಂದಿದ್ದು ಗೆದ್ದ. 2012ರಲ್ಲಿ ಅದೇ ಸಿನಿಮಾ ಇನ್ನೊಮ್ಮೆ. 2013ರಲ್ಲೂ ಅವನೇ ಗೆದ್ದು, ನಾಲ್ಕನೇ ಚಾಂಪಿಯನ್ ಪಟ್ಟ ಅಲ್ಲೇ ಹೊತ್ತು, ಕಾರನ್ನು ಗಿರಗಿರ ತಿರುಗಿಸಿ ಹೊಗೆ ಎಬ್ಬಿಸಿದ. ಮೂರು ವರ್ಷಕ್ಕೆ ಅಂಗಡಿ ಮುಚ್ಚಿತು. ಅಲ್ಲಿನ ಸರ್ಕಾರ ಇದು ಆಟವಲ್ಲ, ಮನರಂಜನೆ ಎಂದು ತೆರಿಗೆ ಕೇಳಿದ್ದೂ ಒಂದು ಕಾರಣ. ವೆಟೆಲ್ ಓಡಿಸಿದ್ದನ್ನು ನೋಡಿಯೂ ಮನರಂಜನೆ ಅಂದರಲ್ಲ, ಆ ಅಧಿಕಾರಿಗಳ ರಸಿಕತೆ ದೊಡ್ಡದು. ಮೂರು ವರ್ಷದಲ್ಲಿ ನನಗೆ ನೆನಪಿರುವ ಒಂದೇ ಸೈಡ್ ಹೊಡೆತ 2011ರ ಮೊದಲ ಅಭ್ಯಾಸದ ದಿನದ್ದು. ಬೀದಿ ನಾಯಿಯೊಂದು ಟ್ರ್ಯಾಕಿಗೆ ಇಳಿದು ರೇಸ್ ಕಾರುಗಳನ್ನೆಲ್ಲ ನಿಲ್ಲಿಸಿಬಿಟ್ಟಿತು, ಕೆಂಪು ಬಾವುಟ ತೋರಿಸಬೇಕಾಯಿತು. ಅಂದಹಾಗೆ ಆ ವರ್ಷದ ರೇಸು ನಡೆದ ಅಕ್ಟೋಬರ್ 30ರಂದೇ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ರಾಕ್ ತಂಡದ ವಾದ್ಯಗೋಷ್ಠಿ ಇತ್ತು. ಅವತ್ತು ನಿದ್ದೆ ಬಾರದಿದ್ದವರು ಅಲ್ಲಿಗೆ ಹೋದವರು ಮಾತ್ರ.

ಹೀಗೆ ಟಿಲ್ಕೆಯವರನ್ನು ಬೈಯುತ್ತಿರುವಾಗ ಷಡ್ಡಕರು, “ಅಣ್ಣ, ಬಯ್ಯೋದು ಸುಲಭ, ನೀವೇ ಒಂದು ಟ್ರ್ಯಾಕ್ ಬರೀರಿ ನೋಡನ,” ಎಂದರು. ಹಳೆಯ ಕಾಲದ ಟ್ರ್ಯಾಕುಗಳನ್ನು ಯಾರೂ ಬರೆಯುತ್ತಿರಲಿಲ್ಲ. ಬೆಲ್ಜಿಯಂನ ಸ್ಪಾ ಹುಟ್ಟಿದ್ದು ಫ್ರಾಂಕೋರ್‌ಶಾಂ, ಮಾಲ್ಮೆಡಿ, ಸ್ಟಾವ್‌ಲೋ ಎಂಬ ಮೂರೂರಿನ ರಸ್ತೆಗಳನ್ನು ಸೇರಿಸಿ. ಆ ಲೆಕ್ಕದಲ್ಲಿ ನಮಗೂ ಒಂದು ತ್ರಿಕೋನವಿದೆ. ಚಾಮರಾಜನಗರದಿಂದ ತೆರಕಣಾಂಬಿ ಮೇಲೆ ಗುಂಡ್ಲುಪೇಟೆ, ಗುಂಡ್ಲುಪೇಟೆಯಿಂದ ಬೇಗೂರು ಮೇಲೆ ನಂಜನಗೂಡು, ನಂಜನಗೂಡಿನಿಂದ ಕವಲಂದೆ ಮೇಲೆ ವಾಪಸ್ಸು. ಒಂದು ಸುತ್ತು ನೂರು ಕಿಲೋಮೀಟರಿನ ಆಸುಪಾಸು. ರೇಸು ಸುಮಾರು ಮುನ್ನೂರು ಕಿಲೋಮೀಟರ್, ಅಂದರೆ ಮೂರೇ ಸುತ್ತು. ಮೂರೇ ಸುತ್ತಾ ಎಂದು ಮೂಗು ಮುರಿಯಬೇಡಿ, 2021ರಲ್ಲಿ ಅದೇ ಸ್ಪಾದಲ್ಲಿ ಮಳೆಗೆ ಹೆದರಿ ಸೇಫ್ಟಿ ಕಾರಿನ ಹಿಂದೆ ಮೂರು ಸುತ್ತು ಮೆರವಣಿಗೆ ಹೋಗಿ, ಅರ್ಧ ಅಂಕ ಹಂಚಿಕೊಂಡು ಮನೆಗೆ ಹೋಗಲಿಲ್ಲವೇ?

ಷಡ್ಡಕರ ಪ್ರಕಾರ ಈ ಟ್ರ್ಯಾಕಿನಲ್ಲಿ ಪಿಟ್ ಸ್ಟಾಪ್ ಗುಂಡ್ಲುಪೇಟೆಯ ಹೂವಿನ ಹೊಲದ ಪಕ್ಕ ಇರಬೇಕು. ಸೀಸನ್ನಿನಲ್ಲಿ ಚೆಂಡುಹೂವು, ಸೂರ್ಯಕಾಂತಿ ಅರಳಿದಾಗ ಕೇರಳದ ಗಾಡಿಗಳು ಹೇಗೂ ಅಲ್ಲಿ ನಿಂತೇ ನಿಲ್ಲುತ್ತವೆ, ಯಾರೂ ನಿಯಮ ಮಾಡುವ ಅಗತ್ಯವಿಲ್ಲ. ಹೊಲಕ್ಕಿಳಿದು ಫೋಟೋ ತೆಗೆಸಿಕೊಳ್ಳಲು ದುಡ್ಡು ಕೊಡುತ್ತಾರೆ. ಹೂವಿನ ರೇಟು ಬಿದ್ದ ವರ್ಷ ಫೋಟೋದ ದುಡ್ಡೇ ಲಾಭ. ಬಂಡೀಪುರದ ಕಡೆಗೆ ಮಾತ್ರ ಟ್ರ್ಯಾಕು ಒಯ್ಯಬಾರದು, ಅಲ್ಲಿ ಹಂಪುಗಳ ಸಾಲು, ರಾತ್ರಿ ಒಂಬತ್ತಾದರೆ ಗೇಟು ಹಾಕುತ್ತಾರೆ, 2009ರಿಂದಲೂ ಹಾಗೇ. ಸಿಂಗಪುರದವರು 2008ರಿಂದ ದೀಪ ಹಚ್ಚಿ ರಾತ್ರಿ ರೇಸು ನಡೆಸುತ್ತಿದ್ದಾರೆ, ಅದನ್ನು ಅವರೇ ನಡೆಸಿಕೊಳ್ಳಲಿ. ನಮ್ಮಲ್ಲಿ ರಾತ್ರಿ ರಸ್ತೆ ಆನೆಗೆ ಬಿಟ್ಟದ್ದು. ಸಿಂಗಪುರದ ಆ ಮೊದಲ ವರ್ಷ ರೆನೋ ತಂಡದವರು ತಮ್ಮದೇ ಹುಡುಗ ಪಿಕೆ ಜೂನಿಯರನಿಗೆ ಬೇಕೆಂತಲೇ ಗೋಡೆಗೆ ಗುದ್ದಲು ಹೇಳಿ, ಆ ಗಲಾಟೆಯಲ್ಲಿ ಇನ್ನೊಬ್ಬನನ್ನು ಗೆಲ್ಲಿಸಿದ್ದು ಮರುವರ್ಷ ಬಯಲಾಯಿತು. ಆನೆಯಿಂದ ಅಂಥ ಕೆಲಸ ಆಗುವುದಿಲ್ಲ.

ತೆರಕಣಾಂಬಿ ದಾಟಿದ ಮೇಲೆ ಏನು ವಿಶೇಷ ಎಂದು ಹುಡುಗ ಕೇಳಿದ್ದಕ್ಕೆ ಡ್ರೈವರಣ್ಣ ತಕ್ಷಣ ಅಂದರು: “ಹುರುಳಿ.”

ನಮ್ಮ ಕಡೆ ಕಣ ಮಾಡುವವರು ಕಡಿಮೆಯಾಗಿ ಡಾಂಬರು ರಸ್ತೆಯೇ ಕಣವಾಗಿದೆ. ಹುರುಳಿ ಕಿತ್ತು ತಂದು ರಸ್ತೆಗೆ ಹಾಸುತ್ತಾರೆ, ಬಂದು ಹೋಗುವ ಬಸ್ಸು ಲಾರಿಗಳೇ ಒಕ್ಕಣೆ ಮಾಡಿಕೊಡಬೇಕು. ಅಧಿಕಾರಿಗಳು ಬೇಡ ಅನ್ನುತ್ತಲೇ ಇರುತ್ತಾರೆ. ಅದರ ಮೇಲೆ ಬ್ರೇಕ್ ಹಾಕಿದರೆ ಗಾಡಿ ಮಾತು ಕೇಳುವುದಿಲ್ಲ. ಬೈಕಿನವರು ಬಿದ್ದಿದ್ದಾರೆ. ಬಳ್ಳಿ ಕೆಳಗಡೆ ಸುತ್ತಿಕೊಂಡು ಬಿಸಿಗೆ ಹೊತ್ತಿಕೊಂಡು ಕಾರುಗಳು ಸುಟ್ಟದ್ದೂ ಉಂಟು. ಡ್ರೈವರಣ್ಣ ಹುರುಳಿ ಕಂಡರೆ ಗೇರ್ ಇಳಿಸಿ, ಬ್ರೇಕಿನ ಮೇಲಿಂದ ಕಾಲೆತ್ತಿ, ಸ್ಟೇರಿಂಗ್ ಅಲುಗಿಸದೆ ದಾಟಿಸುತ್ತಿದ್ದರಂತೆ. ಹುಡುಗನಿಗೆ ಇದು ಮಳೆ ರೇಸಿನ ಪಾಠವೇ ಅನ್ನಿಸಿತು. ಫಾರ್ಮುಲಾ ಒನ್‌ನ ಆಗಿನ ದೊಡ್ಡ ಯಜಮಾನ ಬರ್ನಿ ಎಕ್ಲೆಸ್ಟೋನ್ 2011ರಲ್ಲಿ ರೇಸು ಸಪ್ಪೆಯಾಗುತ್ತಿದೆ ಎಂದು, ಟ್ರ್ಯಾಕಿಗೆ ಸ್ಪ್ರಿಂಕ್ಲರ್ ಹಾಕಿ ಕೃತಕ ಮಳೆ ತರಿಸೋಣ ಅಂದಿದ್ದರು. ಯಾರೂ ಕೇಳಲಿಲ್ಲ. ಅಷ್ಟು ಖರ್ಚು ಯಾಕೆ, ಎರಡು ಗಾಡಿ ಹುರುಳಿ ಹಾಸಿದರೆ ಸಾಕಿತ್ತು. ರೇಸೂ ಆಯಿತು, ಒಕ್ಕಣೆಯೂ ಆಯಿತು.

ರ‍್ಯಾಲಿಯಲ್ಲಿ ಹೀಗೇ ಕಾಡು, ಮಣ್ಣು, ಅಡ್ಡ ಬರುವ ದನ ಎಲ್ಲ ಇರುತ್ತವೆ ತಾತ, ಪಕ್ಕದಲ್ಲಿ ಒಬ್ಬ ಕೂತು ಮುಂದಿನ ತಿರುವು ಎಂಥದ್ದು ಅಂತ ಓದಿ ಹೇಳ್ತಾನೆ ಎಂದು ಹುಡುಗ ಹೇಳಿದ. ರ‍್ಯಾಲಿ ಡ್ರೈವರ್ ಗೌರವ್ ಗಿಲ್ ಪಕ್ಕ ಕೂರುತ್ತಿದ್ದ ಮೂಸಾ ಶರೀಫ್ ನಮ್ಮ ಕಾಸರಗೋಡಿನವರೇ ಎಂದು ನಾನು ಸೇರಿಸಿದೆ. ಡ್ರೈವರಣ್ಣನಿಗೆ ಆ ಏರ್ಪಾಟು ಬಹಳ ಹಿಡಿಸಿತು. “ಕಂಡಕ್ಟ್ರು ಅನ್ನಿ! ಅದಕ್ಕ ಆ ಗಾಡಿ ಚೆನ್ನಾಗಿ ಓಡ್ತದ.”

ಇಷ್ಟೆಲ್ಲ ಆಗುವಾಗ ನನ್ನ ಹೆಂಡತಿ ಬಟ್ಟೆ ಒಣಗಿಸಲು ಹಿತ್ತಿಲಿಗೆ ಬಂದವಳು ಒಂದು ಮಾತು ಎಸೆದು ಹೋದಳು: “ಚಾಮರಾಜೇಶ್ವರನ ತೇರನ್ನ ಯಾರಾದ್ರೂ ಸೈಡ್ ಹೊಡೀತಾರಾ? ಆದ್ರೂ ಊರಿಗೂರೇ ನೋಡಕ್ಕೆ ಹೋಗಲ್ವಾ?”

ಉತ್ತರ ಕೊಡಲು ಯಾರಿಗೂ ಆಗಲಿಲ್ಲ. ತೇರು ಅದೇ ಬೀದಿಯಲ್ಲಿ, ಅದೇ ದಿಕ್ಕಿನಲ್ಲಿ, ನಡೆಯುವವನಿಗಿಂತ ನಿಧಾನಕ್ಕೆ ಹೋಗುತ್ತದೆ. ಅಷ್ಟಾದರೂ ನೋಡಲು ಕಾತರ, ಯಾಕೆಂದರೆ ಬೇರೆ ಕಡೆ ತೇರು ನಡೆಯದ ಆಷಾಢದಲ್ಲಿ ನಮ್ಮೂರಲ್ಲಿ ನಡೆಯುತ್ತದೆ. ತವರಿಗೆ ಕಳಿಸಿದ ಹೊಸ ಮದುವೆ ಹೆಣ್ಣು ತೇರಿನ ನೆಪದಲ್ಲಿ ಗಂಡನನ್ನು ಕಾಣುತ್ತದೆ, ಇಬ್ಬರೂ ಸೇರಿ ಹಣ್ಣು ಜವನ ಎಸೆಯುತ್ತಾರೆ. 2017ರಲ್ಲಿ ಯಾರೋ ತೇರಿಗೆ ಬೆಂಕಿಯಿಟ್ಟ ಮೇಲೆ 2022ರಲ್ಲಿ ಹೊಸ ತೇರು ಎಳೆಯುವವರೆಗೆ ಊರು ಕಾದದ್ದು ನನಗೆ ಗೊತ್ತು. ಅಂಥ ಕಾಯುವಿಕೆ ಯಾವ ರೇಸಿಗಿದೆ?

ರೇಸಿನಲ್ಲೂ ಅಪರೂಪಕ್ಕೆ ಇರುತ್ತದೆ. ಅದೇ ಮೊನಾಕೋ, 1992. ಆ ವರ್ಷದ ಮೊದಲ ಐದೂ ರೇಸು ಗೆದ್ದಿದ್ದ ನೈಜೆಲ್ ಮ್ಯಾನ್ಸೆಲ್ ಆರಾಮವಾಗಿ ಮುಂದಿದ್ದ. ಕೊನೆಯಲ್ಲಿ ಗಾಲಿಯ ಅನುಮಾನ ಬಂದು ಪಿಟ್ಟಿಗೆ ಹೋಗಿ ಬರುವಷ್ಟರಲ್ಲಿ ಐರ್ಟನ್ ಸೆನ್ನಾ ಮುಂದಾಗಿದ್ದ. ಮ್ಯಾನ್ಸೆಲ್‌ಗೆ ಹೊಸ ಟೈರು, ಸುತ್ತಿಗೆ ಹಲವು ಸೆಕೆಂಡು ಹೆಚ್ಚಿನ ವೇಗ. ಸೆನ್ನಾಗೆ ಸವೆದ ಟೈರು, ಆದರೆ ಮೊನಾಕೋದ ಗೋಡೆಗಳು ಅವನ ಕಡೆ. ಕೊನೆಯ ಸುತ್ತುಗಳಲ್ಲಿ ಮ್ಯಾನ್ಸೆಲ್ ಎಡಕ್ಕೆ ಇಣುಕಿದ, ಬಲಕ್ಕೆ ಇಣುಕಿದ, ಜಾಗ ಸಿಗಲಿಲ್ಲ. ಕಾಲು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಸೆನ್ನಾ ಗೆದ್ದ. ಅಲ್ಲಿಯೂ ಯಾರೂ ಸೈಡ್ ಹೊಡೆಯಲಿಲ್ಲ. ಆದರೆ ಈಗ ಹೊಡೆದಾನು, ಈಗ ಹೊಡೆದಾನು ಅನ್ನುವ ಅನುಮಾನ ಕೊನೆಯ ಗಜದವರೆಗೂ ಸಾಯಲಿಲ್ಲ. ರೇಸು ಅಂದರೆ ಆ ಅನುಮಾನವೇ. ದಿಂಬಂನಲ್ಲಿ ಅದು ಪ್ರತಿ ತಿರುವಿನಲ್ಲಿದೆ, 2024ರಲ್ಲಿ ಅದು ಮೊದಲ ಸುತ್ತಿಗೇ ಸತ್ತಿತು.

ಹುಡುಗ ಕೂಡಲೇ ಅಡ್ಡ ಹಾಕಿದ: “ಸರ್, ಮೊನಾಕೋದವ್ರಿಗೆ 2024 ಬೇಜಾರಾಗಲಿಲ್ಲವಲ್ಲ!”

ಅದೂ ಸರಿಯೇ. ಗೆದ್ದದ್ದು ಶಾರ್ಲ್ ಲೆಕ್ಲೇರ್, ಅದೇ ಊರಿನಲ್ಲಿ ಹುಟ್ಟಿ ಬೆಳೆದವನು. 2021ರಲ್ಲಿ ಮೊದಲ ಸ್ಥಾನ ಸಿಕ್ಕಿಯೂ ಕಾರು ಕೆಟ್ಟು ಹೊರಡಲಿಲ್ಲ. 2022ರಲ್ಲಿ ಮತ್ತೆ ಮೊದಲ ಸ್ಥಾನ, ತಂಡದವರ ಲೆಕ್ಕ ತಪ್ಪಿ ನಾಲ್ಕನೆಯವನಾದ. ಈ ಸಲ ಮುಂದಿದ್ದಾನೆ. ಅವನೂರಿನವರು ಆ ಎಪ್ಪತ್ತೆಂಟು ಸುತ್ತೂ ಏನೂ ಆಗದಿರಲಿ, ಏನೇನೂ ಆಗದಿರಲಿ ಎಂದು ಉಸಿರು ಬಿಗಿಹಿಡಿದಿರಬೇಕು. ನಮಗೆ ಸಪ್ಪೆಯಾದದ್ದೇ ಅವರಿಗೆ ವರ.

ನಮ್ಮ ಕಥೆಯೂ ಬೇರೆಯಲ್ಲ. 2005ರ ಜೂನ್ 19ರ ಅಮೆರಿಕದ ರೇಸನ್ನು ಈವತ್ತಿಗೂ ಅತ್ಯಂತ ಕೆಟ್ಟ ರೇಸು ಎಂದು ಜಗತ್ತೇ ಬೈಯುತ್ತದೆ. ಇಂಡಿಯಾನಾಪೊಲಿಸ್‌ನ ಓರೆಯಾದ ತಿರುವಿನಲ್ಲಿ ಮಿಷೆಲಿನ್ ಟೈರು ತಡೆಯುವುದಿಲ್ಲ ಎಂದು ಗೊತ್ತಾಗಿ, ಹದಿನಾಲ್ಕು ಕಾರುಗಳು ಒಂದು ಸುತ್ತು ಬಂದು ಸೀದಾ ಪಿಟ್ಟಿಗೆ ಹೋದವು. ಉಳಿದದ್ದು ಆರು. ಜನ ಬಾಟಲಿ ಎಸೆದರು. ಆ ಆರರಲ್ಲಿ ನಾಲ್ಕನೆಯವನು ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್. ಐದು ಅಂಕ, ಫಾರ್ಮುಲಾ ಒನ್‌ನಲ್ಲಿ ಭಾರತೀಯನೊಬ್ಬನ ಮೊದಲ ಅಂಕ. ಡ್ರೈವರಣ್ಣನಿಗೆ ಆರೇ ಕಾರು ಇದ್ದವು ಅನ್ನುವುದನ್ನು ನಾನೆಷ್ಟು ಸಲ ಹೇಳಿದರೂ ಕಿವಿಗೆ ಹೋಗುವುದಿಲ್ಲ. ಅವರ ರೂಟಿನ ಕೊನೆಯ ಸ್ಟಾಪಿನ ಹುಡುಗ ಅಮೆರಿಕದಲ್ಲಿ ನಾಲ್ಕನೆಯವನಾಗಿ ಬಂದ, ಅಷ್ಟೇ ಅವರ ಲೆಕ್ಕ. “ಮಿಕ್ಕೋರು ಬರ್ನಿಲ್ಲ ಅಂದ್ರ ಅದು ಅವ್ರ ಕರ್ಮ. ಡ್ಯೂಟಿಗ ಬಂದೋನಿಗ ತಾನ ಹಾಜ್ರಿ?”

2025ರ ಮೇ 24ರ ಶನಿವಾರ ಸಂಜೆ ನನ್ನ ಪಕ್ಷಾತೀತತೆಯ ಬಣ್ಣವೂ ಬಯಲಾಯಿತು. ಮೊನಾಕೋದಲ್ಲೇ ಫಾರ್ಮುಲಾ ಟೂ ಸಣ್ಣ ರೇಸು. ಅರ್ಹತಾ ಸುತ್ತಿನ ಮೊದಲ ಹತ್ತು ಜನರನ್ನು ತಿರುವುಮುರುವಾಗಿ ನಿಲ್ಲಿಸುವುದರಿಂದ ಹತ್ತನೆಯವನೇ ಮುಂದೆ. ಹಾಗೆ ಮುಂದೆ ನಿಂತವನು ಬೆಂಗಳೂರಿನ ಕುಶ್ ಮೈನಿ, ರೇವಾ ಎಲೆಕ್ಟ್ರಿಕ್ ಕಾರು ಮಾಡಿದ ಮೈನಿ ಮನೆತನದ ಹುಡುಗ. ರೇಸು ಶುರುವಾದದ್ದೇ ತಡ, ಮೊನಾಕೋದ ಇಕ್ಕಟ್ಟು ಬೀದಿಗಳಷ್ಟು ಸೊಗಸಾದ ಸರ್ಕ್ಯೂಟು ಪ್ರಪಂಚದಲ್ಲಿ ಇನ್ನೊಂದಿಲ್ಲ ಅನ್ನಿಸಿತು. ಯಾರೂ ಸೈಡ್ ಹೊಡೆಯಲಾಗದ ಹಾಗೆ ಕಟ್ಟಿದ ಪುಣ್ಯಾತ್ಮರು ಚೆನ್ನಾಗಿರಲಿ! ಮೂವತ್ತು ಸುತ್ತು, ಒಂದೊಂದು ಸುತ್ತೂ ಸಪ್ಪೆಯಾಗಿರಲಿ ಎಂದು ಹರಕೆ ಹೊತ್ತೆ. ಹುಡುಗ ಬೇಲಿ ಹಾರಿ ಬಂದು ನಮ್ಮ ಹಿತ್ತಿಲಲ್ಲೇ ನಿಂತಿದ್ದ. ಮೈನಿ ಗೆದ್ದ, ಮೊನಾಕೋದಲ್ಲಿ ಫಾರ್ಮುಲಾ ಟೂ ಗೆದ್ದ ಮೊದಲ ಭಾರತೀಯನಾದ, ಅಲ್ಲಿ ಜನಗಣಮನ ಮೊಳಗಿತು. ಡ್ರೈವರಣ್ಣ ಎದ್ದು ನಿಂತರು, ಅವರಿಗೆ ಮಂಡಿ ನೋವು.

ಮಾರನೆಯ ದಿನದ ದೊಡ್ಡ ರೇಸಿಗೆ ಹೊಸ ಮದ್ದು ಕೊಟ್ಟಿದ್ದರು: ಎಲ್ಲರೂ ಎರಡು ಸಲ ಪಿಟ್ಟಿಗೆ ಬರಲೇಬೇಕು. ಮದ್ದಿಗಿಂತ ಖಾಯಿಲೆ ಜಾಣ. ಕೆಲವು ತಂಡದವರು ತಮ್ಮ ಒಬ್ಬನನ್ನು ಬೇಕೆಂತಲೇ ನಿಧಾನ ಓಡಿಸಿ ಹಿಂದಿನವರನ್ನೆಲ್ಲ ತಡೆದರು, ಅಷ್ಟರಲ್ಲಿ ಮುಂದಿನ ಗೆಳೆಯ ಟೈರು ಬದಲಿಸಿಕೊಂಡು ಬಂದ. ಆಮೇಲೆ ಇವನಿಗೆ ಅವನು ಹಾಗೇ ಮಾಡಿಕೊಟ್ಟ. ಹಾಗೆ ತಡೆಯುತ್ತಿದ್ದ ಆಲ್ಬನ್ ಹಿಂದೆ ಸಿಕ್ಕಿಬಿದ್ದ ಜಾರ್ಜ್ ರಸೆಲ್ ತಾಳ್ಮೆಗೆಟ್ಟು ತಿರುವನ್ನೇ ಬಿಟ್ಟು ಅಡ್ಡ ಹಾಯ್ದು ಮುಂದೆ ಬಂದ, ಜಾಗ ವಾಪಸ್ ಕೊಡಲೂ ಇಲ್ಲ, ದಂಡ ಕಟ್ಟಿದ. ನಾರಿಸ್ ಮೊದಲು ಹೊರಟು ಮೊದಲು ಬಂದ. ರಸೆಲ್ ಮಾಡಿದ್ದು ಸರಿಯೇ ಎಂದು ಡ್ರೈವರಣ್ಣನನ್ನು ಕೇಳಿದೆ. ತಪ್ಪೇ, ಆದರೆ ಬೇಕಂತ ಸೈಡ್ ಕೊಡದವನ ಮೇಲೆ ಮೊದಲು ಕಂಪ್ಲೇಂಟ್ ಬರೆಯಬೇಕು ಅಂದರು.

2026ರಿಂದ ಎಲ್ಲ ಸರಿಹೋಗುತ್ತದೆ ಎಂದು ಹುಡುಗ ಸಮಾಧಾನ ಹೇಳಿದ. ಹೊಸ ನಿಯಮ, ಹೊಸ ಎಂಜಿನ್ನು, ಸೈಡ್ ಹೊಡೆಯಲು ತೆರೆದುಕೊಳ್ಳುತ್ತಿದ್ದ, 2011ರಿಂದ ಇದ್ದ ಡಿಆರ್‌ಎಸ್ ರೆಕ್ಕೆ ತೆಗೆದು ಬೇರೆ ಏರ್ಪಾಟು, ಕಾರು ಮೂವತ್ತು ಕಿಲೋ ಹಗುರ, ಉದ್ದವೂ ಕಡಿಮೆ, ಅಗಲವೂ ಕಡಿಮೆ.

“ಅಗಲ ಎಸ್ಟು ಕಮ್ಮಿ ಮಾಡರ?”

“ಎರಡು ಮೀಟರ್ ಇದ್ದದ್ದು ಒಂದು ಮುಕ್ಕಾಲು ಚಿಲ್ಲರೆ... ಒಂದು ಪಾಯಿಂಟ್ ಒಂಬತ್ತು. ಹತ್ತು ಸೆಂಟಿಮೀಟರ್ ಕಮ್ಮಿ, ತಾತ.”

ಡ್ರೈವರಣ್ಣ ಹೆಬ್ಬೆರಳು ತೋರುಬೆರಳು ಅಗಲಿಸಿ ಹತ್ತು ಸೆಂಟಿಮೀಟರ್ ಅಳೆದು, ಅದನ್ನು ನನ್ನ ಕಡೆ ಹಿಡಿದು ತೋರಿಸಿದರು.

“ಇಸ್ಟಾ? ಮಿರರ್ ಮಡುಸ್ಕಂಡ್ರ ಇಸ್ಟು ಜಾಗ ಸಿಕ್ತದಲ್ಲ ಮೇಷ್ಟ್ರೇ.”